ಅವೆನ್ಯೂ ರೋಡಲ್ಲಿ ಮರ ಎಲ್ಲಿದೆ? ‘ಸಾಲುಮರ’ ಅನ್ನೋ ಪದದ ಕಥೆ

(ಈ ವಾರದ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕಿಕೊಂಡು ನಡೀತಾ ಕೇಳ್ತಿದ್ದೀರಾ? ಹಾಗಿದ್ರೆ ಒಂದು ಸಲ ತಲೆ ಎತ್ತಿ ನೋಡಿ. ಮೇಲೆ ಎಲೆ ಕಾಣ್ತಿದೆಯೋ, ಆಕಾಶ ಕಾಣ್ತಿದೆಯೋ? ಉತ್ತರ ಮನಸ್ಸಲ್ಲಿ ಇಟ್ಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತೆ.

ಹೋದ ತಿಂಗಳು ಅಕ್ಕನ ಮಗಳ ಜೊತೆ ಅವೆನ್ಯೂ ರೋಡಿಗೆ ಹೋಗಿದ್ದೆ. ಪಿಯುಸಿ ಹುಡುಗಿ, ಸೆಕೆಂಡ್ ಹ್ಯಾಂಡ್ ಪುಸ್ತಕ ಬೇಕಿತ್ತು. ಮೈಸೂರು ಬ್ಯಾಂಕ್ ಸರ್ಕಲ್ ಕಡೆಯಿಂದ ಒಳಗೆ ಹೋದ್ವಿ. ಗೊತ್ತಲ್ಲ, ಎರಡೂ ಕಡೆ ಅಂಗಡಿ, ಮಧ್ಯೆ ಗಾಡಿ, ಗಾಡಿಗಳ ಮಧ್ಯೆ ಮೂಟೆ ಹೊತ್ತವರು. ಬಿಸಿಲು ನೆತ್ತಿ ಮೇಲೆ. ಅವಳು ಮೊಬೈಲಲ್ಲಿ ಏನೋ ನೋಡಿ ನಿಂತುಬಿಟ್ಟಳು.

“ಮಾಮ, ಅವೆನ್ಯೂ ಅಂದ್ರೆ ಎರಡೂ ಕಡೆ ಮರ ಇರೋ ರಸ್ತೆ ಅಂತ ಇದೆ ಡಿಕ್ಷನರೀಲಿ. ಇಲ್ಲಿ ಮರ ಎಲ್ಲಿ?”

ನಾನು ಸುತ್ತ ನೋಡಿದೆ. ಕೈಗೆ ಸಿಕ್ಕಿದ್ದು ಒಂದು ಕರೆಂಟ್ ಕಂಬ. “ಇದು ಮೊದಲು ದೊಡ್ಡಪೇಟೆ ಕಣೆ, ಇಂಗ್ಲಿಷ್ ಹೆಸರು ಆಮೇಲೆ ಬಂತು” ಅಂದೆ. ಅದು ಉತ್ತರ ಅಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಸರಿ, ಮನೆಗೆ ಬಂದು ಹುಡುಕೋಕೆ ಕೂತೆ. ಆ ಹುಡುಕಾಟವೇ ಇವತ್ತಿನ ಸಂಚಿಕೆ.

ಬರೋ ದಾರಿ, ಹೋಗೋ ದಾರಿ

ಮೊದಲು ಅವೆನ್ಯೂ. ಇದು ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ಪದ. ಅದರ ಬೇರು ಲ್ಯಾಟಿನ್‌ನಲ್ಲಿ ‘ಬಂದು ಸೇರು’ ಅನ್ನೋ ಕ್ರಿಯಾಪದ. ಅಂದ್ರೆ ಅವೆನ್ಯೂ ಅಂದ್ರೆ ಮೂಲದಲ್ಲಿ ‘ಬರುವ ದಾರಿ’ ಅಷ್ಟೇ. ಶ್ರೀಮಂತರ ಬಂಗಲೆಗೆ ಗೇಟಿನಿಂದ ಬಾಗಿಲವರೆಗೆ ಬರೋ ದಾರಿಯ ಎರಡೂ ಕಡೆ ಮರ ನೆಡ್ತಿದ್ರು. ಹಾಗಾಗಿ ಪದಕ್ಕೆ ಮರದ ಅರ್ಥ ಆಮೇಲೆ ಅಂಟಿಕೊಂಡಿತು. ಆಮೇಲೆ ಅಂಟಿದ್ದು ಉದುರಿಹೋಗೋದೂ ಸುಲಭ. ನ್ಯೂಯಾರ್ಕ್‌ನ ಅವೆನ್ಯೂಗಳಲ್ಲಿ ಮರ ಇರಲೇಬೇಕು ಅಂತ ಯಾರೂ ಕೇಳಲ್ಲ. ನಮ್ಮ ಅವೆನ್ಯೂ ರೋಡಲ್ಲೂ ಕೇಳಲ್ಲ. ಇನ್ನು ಅವೆನ್ಯೂನೇ ದಾರಿ ಆದಮೇಲೆ ‘ಅವೆನ್ಯೂ ರೋಡ್’ ಅಂದ್ರೆ ‘ದಾರಿ ರಸ್ತೆ’. ಗೇಟ್ ಬಾಗಿಲು ಅಂದ ಹಾಗೆ!

ಫ್ರೆಂಚಲ್ಲೇ ಇನ್ನೊಂದು ಪದ ಇದೆ, ಅಲೇ. ಅದರ ಬೇರು ‘ಹೋಗು’ ಅನ್ನೋ ಕ್ರಿಯಾಪದ. ಒಂದು ಬರೋ ದಾರಿ, ಇನ್ನೊಂದು ಹೋಗೋ ದಾರಿ. ಈ ಅಲೇ ಜರ್ಮನ್ ಭಾಷೆಗೆ ಹೋಗಿ ಅಲ್ಲಿ ಮರಗಳ ಸಾಲಿರುವ ರಸ್ತೆ ಅನ್ನೋ ಅರ್ಥದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಇದನ್ನ ನೆನಪಲ್ಲಿಡಿ, ಮತ್ತೆ ಬರ್ತೀನಿ.

ಮೂರನೇದು ಬುಲೆವಾರ್ಡ್. ಇದರ ಕಥೆ ನನಗೆ ತುಂಬಾ ಇಷ್ಟ. ಡಚ್ ಕಡೆಯಿಂದ ಬಂದ ಪದ. ಮೂಲ ಅರ್ಥ ಮರವೂ ಅಲ್ಲ, ರಸ್ತೆಯೂ ಅಲ್ಲ. ಕೋಟೆಯ ದಿಬ್ಬ, ರಕ್ಷಣೆಯ ಗೋಡೆ. 1670ರ ದಶಕದಲ್ಲಿ 14ನೇ ಲೂಯಿ ಪ್ಯಾರಿಸ್ಸಿನ ಹಳೇ ಕೋಟೆಗೋಡೆ ಕೆಡವಿಸಿ, ಆ ಜಾಗದಲ್ಲಿ ಮರ ನೆಡಿಸಿ ಜನ ಓಡಾಡೋ ದಾರಿ ಮಾಡಿಸಿದ. ಗೋಡೆ ಹೋಯ್ತು, ಹೆಸರು ಉಳೀತು.

ಬೆಂಗಳೂರಲ್ಲೂ ಬುಲೆವಾರ್ಡ್ ಇತ್ತು. ಎಂ.ಜಿ. ರೋಡಿನ ಪಕ್ಕದ ಬುಲೆವಾರ್ಡ್‌ನಲ್ಲಿ ಮರದ ನೆರಳಲ್ಲಿ ಕೂತು ಕಡಲೆಕಾಯಿ ತಿಂದವರು ನಿಮ್ಮ ಮನೇಲೇ ಇರಬಹುದು, ಅಪ್ಪ-ಅಮ್ಮನ್ನ ಕೇಳಿ ನೋಡಿ. ಮೆಟ್ರೊ ಕಾಮಗಾರಿಗೆ ಅದು ಹೋಯ್ತು. ಬಸವನಗುಡಿಗೆ ಅಂಟಿಕೊಂಡೇ ಇರುವ ಲಕ್ಷ್ಮಣ ರಾವ್ ಬುಲೆವಾರ್ಡ್, ನಂದಾ ಟಾಕೀಸ್ ರಸ್ತೆ ಅಂತೀವಲ್ಲ ಅದು, ಅಲ್ಲಿ 2009ರಲ್ಲಿ ಮರ ಕಡಿಯೋಕೆ ಬಂದಾಗ ಜನ ರಸ್ತೆಗಿಳಿದು ಪ್ರತಿಭಟಿಸಿದ್ರು. ಮರ ಹೋದವು, ಕಾಂಕ್ರೀಟ್ ಕಂಬಗಳು ಬಂದವು. ಪ್ಯಾರಿಸ್ಸಲ್ಲಿ ಗೋಡೆ ಹೋಗಿ ಮರ ಬಂದು ಬುಲೆವಾರ್ಡ್ ಆಯ್ತು. ನಮ್ಮಲ್ಲಿ ಮರ ಹೋಗಿ ಗೋಡೆಯಂಥದ್ದು ಎದ್ದು ಪದ ತನ್ನ ಹಳೇ ಅರ್ಥಕ್ಕೇ ವಾಪಸ್ ಹೋಯ್ತು. ಮೆಟ್ರೊ ಬೇಡ ಅಂತ ನಾನು ಹೇಳ್ತಿಲ್ಲ, ದಿನಾ ನಾನೂ ಅದರಲ್ಲೇ ಓಡಾಡೋದು. ಪದ ಸವೆಸಿದ ದಾರಿ ಹೇಳ್ತಿದ್ದೀನಿ, ಅಷ್ಟೇ.

ನಾಲ್ಕನೇದು ಕೇಳಿದ್ರೆ ನಗು ಬರುತ್ತೆ. ಮಾಲ್! ಹೌದು, ಅದೇ ಶಾಪಿಂಗ್ ಮಾಲ್. ಇಟಲಿಯಲ್ಲಿ ಚೆಂಡನ್ನ ಮರದ ಸುತ್ತಿಗೆಯಿಂದ ಹೊಡೆಯೋ ಒಂದು ಆಟ ಇತ್ತು. ಲಂಡನ್ನಿನಲ್ಲಿ ಆ ಆಟಕ್ಕೆ ಪಾಲ್ ಮಾಲ್ ಅಂತ ಹೆಸರಾಯ್ತು. 1660ರ ದಶಕದಲ್ಲಿ 2ನೇ ಚಾರ್ಲ್ಸ್ ಆಟ ಆಡೋಕೆ ಅಂತ ಮರಗಳ ಸಾಲಿನ ಮಧ್ಯೆ ಉದ್ದನೆಯ ಜಾಗ ಮಾಡಿಸಿದ. ಆಟ ನಿಂತಿತು, ಜನ ಆ ನೆರಳಲ್ಲಿ ವಾಕ್ ಮಾಡೋಕೆ ಶುರು ಮಾಡಿದ್ರು. ಮಾಲ್ ಅಂದ್ರೆ ನೆರಳಿನ ದಾರಿ ಅಂತಾಯ್ತು. ಶಿಮ್ಲಾದ ಮಾಲ್ ರೋಡ್ ಆ ಅರ್ಥದ್ದು. ಆಮೇಲೆ ಅಮೆರಿಕದಲ್ಲಿ ಅಂಗಡಿಗಳ ಮಧ್ಯೆ ನಡೆಯೋ ಜಾಗಕ್ಕೆ ಅದೇ ಹೆಸರು ಬಂತು. ಈಗ ಮಲ್ಲೇಶ್ವರಕ್ಕೆ ಬನ್ನಿ. ಸಂಪಿಗೆ ರೋಡಿನ ಬಾಯಲ್ಲೇ ಮಾಲ್ ಇದೆ, ಮೆಟ್ರೊ ಸ್ಟೇಷನ್ನಿನ ಹೆಸರಲ್ಲಿ ಮಾಲೂ ಇದೆ, ಸಂಪಿಗೆಯೂ ಇದೆ. ಒಂದು ಕಾಲದಲ್ಲಿ ಆ ಎರಡೂ ಪದಗಳ ಅರ್ಥ ಹೆಚ್ಚುಕಡಿಮೆ ಒಂದೇ ಆಗಿತ್ತು ಅಂದ್ರೆ ನಂಬ್ತೀರಾ?

ನಮ್ಮ ಪದದಲ್ಲಿ ರಸ್ತೆಯೇ ಇಲ್ಲ

ಈಗ ಕನ್ನಡಕ್ಕೆ ಬರೋಣ. ಇದಕ್ಕೆಲ್ಲ ನಮ್ಮ ಪದ ಯಾವುದು? ಥಟ್ ಅಂತ ಬಾಯಿಗೆ ಬರೋದು ಸಾಲುಮರ. ಐದನೇ ಕ್ಲಾಸಿನ ಸಮಾಜ ಪರೀಕ್ಷೆ ನೆನಪಿದೆಯಾ? ಯಾವ ರಾಜನ ಬಗ್ಗೆ ಪ್ರಶ್ನೆ ಬಂದ್ರೂ ಒಂದೇ ಉತ್ತರ: ರಸ್ತೆಯ ಎರಡೂ ಬದಿಗಳಲ್ಲಿ ಸಾಲುಮರಗಳನ್ನು ನೆಡಿಸಿದನು, ಕೆರೆ ಬಾವಿಗಳನ್ನು ತೋಡಿಸಿದನು. ಓದದೇ ಹೋದ್ರೂ ಎರಡು ಮಾರ್ಕ್ಸ್ ಗ್ಯಾರಂಟಿ.

ಅಶೋಕನ ವಿಷಯದಲ್ಲಿ ಮಾತ್ರ ಅದು ನಿಜ. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ನಿಂತಿರೋ ಅವನ ಸ್ತಂಭದ 7ನೇ ಶಾಸನದಲ್ಲಿ, ಜನಕ್ಕೂ ಪಶುಗಳಿಗೂ ನೆರಳಾಗಲಿ ಅಂತ ದಾರಿಗಳಲ್ಲಿ ಆಲದ ಮರ ನೆಡಿಸಿದ್ದೀನಿ ಅಂತ ಅವನೇ ಹೇಳಿಕೊಂಡಿದ್ದಾನೆ. ಪಶುಗಳಿಗೂ ಅನ್ನೋದನ್ನ ಗಮನಿಸಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತಿದು.

ಪದವನ್ನೇ ಬಿಡಿಸಿ ನೋಡೋಣ. ಸಾಲು, ಮರ. ಅಷ್ಟೇ. ಬರೋದೂ ಇಲ್ಲ, ಹೋಗೋದೂ ಇಲ್ಲ. ರಸ್ತೆಯೇ ಇಲ್ಲ! ದಾರಿ ಬೇಕಾದ್ರೆ ‘ಸಾಲುಮರದ ದಾರಿ’ ಅಂತ ನಾವೇ ಸೇರಿಸಬೇಕು. ಅವೆನ್ಯೂನಲ್ಲಿ ದಾರಿ ಮೊದಲು, ಮರ ಆಮೇಲೆ. ನಮ್ಮಲ್ಲಿ ಮರ ಮೊದಲು, ದಾರಿ ಆಮೇಲೆ. ಅದಕ್ಕೇ ಅವೆನ್ಯೂನಿಂದ ಮರ ತೆಗೆದ್ರೆ ಅವೆನ್ಯೂ ಉಳಿಯುತ್ತೆ. ಸಾಲುಮರದಿಂದ ಮರ ತೆಗೆದ್ರೆ ಹೆಸರಿಡೋಕೆ ಏನೂ ಉಳಿಯಲ್ಲ.

ಮರಕ್ಕಿಂತ ಮೊದಲು ಬರೋದು ‘ಸಾಲು’. ಈ ಪುಟ್ಟ ಪದ ಎಷ್ಟು ಕೆಲಸ ಮಾಡುತ್ತೆ ನೋಡಿ. ನೇಗಿಲು ಎಳೆದ ಗೆರೆ ಸಾಲು. ಪುಸ್ತಕದಲ್ಲಿ ಅಕ್ಷರದ ಗೆರೆ ಸಾಲು. ರೇಷನ್ ಅಂಗಡಿ ಮುಂದೆ ನಿಲ್ಲೋದು ಸಾಲು. ಎಲ್ಲದರಲ್ಲೂ ಒಂದೇ ವಿಷಯ: ಒಂದರ ಪಕ್ಕ ಒಂದು, ಮಧ್ಯೆ ತುಂಡಾಗದ ಹಾಗೆ. ‘ಬೀದಿ’ ಕೂಡ ಸಂಸ್ಕೃತದ ‘ವೀಥಿ’ಯಿಂದ ಬಂದ ತದ್ಭವ. ವೀಥಿ ಅಂದ್ರೆ ದಾರಿಯೂ ಹೌದು, ಸಾಲು ಅನ್ನೋ ಅರ್ಥವೂ ಇದೆ. ಅಂದ್ರೆ ನಾವು ಬೀದಿ ಅಂದಾಗಲೂ ಒಳಗೊಂದು ಸಾಲು ಅಡಗಿ ಕೂತಿರುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ‘ಸಾಲುಮರ’ ನೋಡೋಕೆ ಏಕವಚನ. ಆದ್ರೆ ಒಂಟಿ ಮರವನ್ನ ತೋರಿಸಿ ಸಾಲುಮರ ಅಂದ್ರೆ ಯಾರೂ ಒಪ್ಪಲ್ಲ. ಹಲವು ಮರ ಸೇರಿ ಆದ ಒಂದು ವಸ್ತು ಅದು. ನೂರು ಮರ ಇದ್ರೂ ಸಾಲು ಒಂದೇ.

ಇದೇ ಅಚ್ಚಿನ ಪದ ಎಲ್ಲಿದೆ ಗೊತ್ತಾ? ಜಪಾನ್‌ನಲ್ಲಿ. ಅಲ್ಲಿ ಇದಕ್ಕೆ ನಮಿಕಿ ಅಂತಾರೆ. ಬಿಡಿಸಿ ಬರೆದ್ರೆ ಮೊದಲ ಅಕ್ಷರ ಸಾಲಾಗಿ ನಿಲ್ಲೋದು, ಎರಡನೇದು ಮರ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಭಾಷೆ, ಪದ ಕಟ್ಟಿದ ರೀತಿ ಮಾತ್ರ ಒಂದೇ. ನಿಕ್ಕೊ ಅನ್ನೋ ಊರಿಗೆ ಹೋಗೋ ದಾರಿಗಳಲ್ಲಿ 17ನೇ ಶತಮಾನದಲ್ಲಿ ನೆಟ್ಟ ಸುಗಿ ಮರಗಳ ನಮಿಕಿ ಇದೆ, ಸುಮಾರು 35 ಕಿಲೋಮೀಟರ್ ಉದ್ದ. ಸುಗಿ ಅಂದ್ರೆ ಅಲ್ಲಿನ ದೇವದಾರು ಥರದ ಮರ. ಆ ಇಡೀ ಸಾಲನ್ನೇ ಒಂದು ಸ್ಮಾರಕ ಅಂತ ಕಾಪಾಡಿಕೊಂಡು ಬಂದಿದ್ದಾರೆ.

ನಮ್ಮಲ್ಲಿ ಈ ಪದವನ್ನ ಹೆಸರಾಗಿ ಹೊತ್ತವರು ಸಾಲುಮರದ ತಿಮ್ಮಕ್ಕ. ಮಾಗಡಿ ತಾಲೂಕಿನ ಹುಲಿಕಲ್‌ನಲ್ಲಿ ಬಾಳಿದವರು. ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್‌ನಿಂದ ಕುದೂರಿನ ಕಡೆಗೆ ಸುಮಾರು 4 ಕಿಲೋಮೀಟರ್ ಉದ್ದಕ್ಕೂ 385 ಆಲದ ಮರ ಬೆಳೆಸಿದ್ರು. ಗಿಡಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ರು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡೋ ಯೋಜನೆಯಿಂದ ಆ ಮರಗಳಿಗೇ ಕುತ್ತು ಬಂತು. ಶತಾಯುಷಿ ಅಜ್ಜಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಹತ್ರ ಹೋಗಿ, ನನ್ನ ಮರ ಉಳಿಸಿ ಅಂತ ಕೇಳಬೇಕಾಯ್ತು. 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡರು. ಜನ ಅವರನ್ನ ಮರದ ತಿಮ್ಮಕ್ಕ ಅನ್ನಲಿಲ್ಲ, ಸಾಲುಮರದ ತಿಮ್ಮಕ್ಕ ಅಂದ್ರು. ಅವರು ನೆಟ್ಟಿದ್ದು ಸಾಲನ್ನ ಅಂತ ಊರಿಗೆ ಗೊತ್ತಿತ್ತು.

ಹೆಸರಲ್ಲಿ ಉಳಿದ ಮರಗಳು

ಈಗ ಹಳೇ ಬೆಂಗಳೂರಿಗೆ. ಚಾಮರಾಜಪೇಟೆ ಹುಟ್ಟಿದ್ದು 1892ರ ಸುಮಾರಿಗೆ. 1898ರಲ್ಲಿ ಪ್ಲೇಗ್ ಬಂದು ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಬರೋ ಹಾಗಾಯ್ತು. ಬಸವನಗುಡಿ, ಮಲ್ಲೇಶ್ವರ ಆಗ ಬೆಳೆದ ಬಡಾವಣೆಗಳು. ನೇರ ರಸ್ತೆ, ಗಾಳಿ ಬೆಳಕು, ಮನೆ ಮುಂದೆ ಮರ. ಪೇಟೆಯ ಇಕ್ಕಟ್ಟಿಗೆ ಹೆದರಿದವರು ಕಟ್ಟಿಕೊಂಡ ಊರು ಅದು.

1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡವರು ಜರ್ಮನಿಯ ಗುಸ್ಟಾವ್ ಕ್ರುಂಬಿಗಲ್. ಲಾಲ್‌ಬಾಗ್ ಪಕ್ಕ ಅವರ ಹೆಸರಿನ ರಸ್ತೆ ಈಗಲೂ ಇದೆ. ಒಂದು ಜಾತಿಯ ಮರ ಹೂ ಬಿಟ್ಟು ಮುಗಿಯೋ ಹೊತ್ತಿಗೆ ಇನ್ನೊಂದು ಜಾತಿ ಶುರು ಮಾಡಬೇಕು, ವರ್ಷವಿಡೀ ಊರಲ್ಲಿ ಎಲ್ಲೋ ಒಂದು ಕಡೆ ಹೂವಿರಬೇಕು ಅನ್ನೋದು ಅವರ ಯೋಚನೆ. ಅಲೇ ಅನ್ನೋ ಪದದ ನಾಡಿನಿಂದ ಬಂದ ಮನುಷ್ಯ ಸಾಲುಮರದ ನಾಡಲ್ಲಿ ಕೆಲಸ ಮಾಡಿದ್ರು ಅಂತ ಇಟ್ಕೊಳ್ಳಿ.

ಮಲ್ಲೇಶ್ವರದ ರಸ್ತೆ ಹೆಸರುಗಳಲ್ಲೂ ಮರಗಳಿವೆ. ಸಂಪಿಗೆ ರೋಡ್ ಗೊತ್ತು. ಮಾರ್ಗೋಸಾ ರೋಡ್? ಎಷ್ಟೋ ಜನ ಅದು ಯಾವುದೋ ದೊರೆಯ ಹೆಸರು ಅಂದುಕೊಂಡಿದ್ದಾರೆ, ನಾನೂ ಅಂದುಕೊಂಡಿದ್ದೆ. ಅಲ್ಲ. ಮಾರ್ಗೋಸಾ ಅಂದ್ರೆ ಬೇವು. ಪೋರ್ಚುಗೀಸರ ‘ಅಮಾರ್ಗೋಸಾ’, ಅಂದ್ರೆ ಕಹಿ, ಅದರಿಂದ ಇಂಗ್ಲಿಷಿಗೆ ಬಂದ ಹೆಸರು. ಅಂದ್ರೆ ಮಲ್ಲೇಶ್ವರದಲ್ಲಿ ಅಕ್ಕಪಕ್ಕದಲ್ಲೇ ಒಂದು ಸಂಪಿಗೆ ಬೀದಿ, ಒಂದು ಬೇವಿನ ಬೀದಿ. ಆದ್ರೆ ಹೆಸರಿನ ತೊಂದರೆ ಏನಂದ್ರೆ ಅದು ಮರ ಇಲ್ಲದೇನೂ ಬದುಕುತ್ತೆ. ಬೋರ್ಡ್‌ಗೆ ನೀರು ಹಾಕೋದು ಬೇಡ.

ಅಮ್ಮ ಬಿಟ್ಟ ದಾರಿ

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ನಮ್ಮ ಮನೆ ವಿಷಯ ಒಂದಿದೆ.

ನಮ್ಮನೆ ಬಸವನಗುಡಿಯಲ್ಲಿ. ನಮ್ಮ ಬೀದಿಯ ಒಂದು ಬದಿಯಲ್ಲಿ 11 ಮರ ಇದ್ವು. ಹೊಂಗೆ, ಮಳೆಮರ, ತುದಿಯಲ್ಲೊಂದು ಕತ್ತಿಕಾಯಿ ಮರ. ಅದರ ಕಾಯಿ ಹಿಡಿದು ನಾವೆಲ್ಲ ಕತ್ತಿವರಸೆ ಆಡಿದ್ದೀವಿ. ಅಮ್ಮನಿಗೆ ಈಗ 74. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಗಾಂಧಿ ಬಜಾರಿಗೆ ಹೋಗಿ ಹೂವು, ವೀಳ್ಯದೆಲೆ, ಸೊಪ್ಪು ತರೋದು ಅವರ ದಿನಚರಿ. ಕೊಡೆ ಒಯ್ಯುತ್ತಿರಲಿಲ್ಲ. “ಮರ ಇದೆಯಲ್ಲೋ” ಅಂತಿದ್ರು.

ಮೊದಲು ಒಂದು ಮರ ಹೋಯ್ತು, ಹೊಸ ಅಪಾರ್ಟ್‌ಮೆಂಟಿನ ಗೇಟಿಗೆ ಅಡ್ಡ ಇದೆ ಅಂತ. ಮಾರನೇ ವರ್ಷ ಎರಡು, ಬೇರು ಚರಂಡಿ ಒಡೆಯುತ್ತೆ ಅಂತ. ಆಮೇಲೊಂದು ಮಳೆಗಾಲದ ಗಾಳಿಗೆ ತಾನೇ ಬಿತ್ತು. ಸುತ್ತ ಬುಡದವರೆಗೂ ಕಾಂಕ್ರೀಟ್ ಹಾಕಿದ್ರು, ಬೀಳದೇ ಇನ್ನೇನು? ಈಗ 7 ಉಳಿದಿವೆ. ಲೆಕ್ಕದಲ್ಲಿ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿನೇ ಇವೆ ಅಲ್ವಾ?

ಆದ್ರೆ ಅಮ್ಮ ಆ ದಾರಿ ಬಿಟ್ಟರು. ಹೋದ ನಾಲ್ಕು ಮರಗಳೂ ಮಧ್ಯದವು. ಅಲ್ಲಿ ಐವತ್ತು ಅರವತ್ತು ಹೆಜ್ಜೆ ಪೂರ್ತಿ ಬಿಸಿಲು. ಹೋದ ಬೇಸಿಗೆಯಲ್ಲಿ ಒಂದು ದಿನ ಅಲ್ಲಿ ತಲೆ ಸುತ್ತಿ ಯಾರದೋ ಮನೆ ಜಗಲಿ ಮೇಲೆ ಕೂತುಬಿಟ್ಟಿದ್ರಂತೆ. ಈಗ ಹೂವು ಆ್ಯಪ್‌ನಲ್ಲಿ ಬರುತ್ತೆ. ಹೂವಾಡಗಿತ್ತಿ ಜೊತೆಗಿನ ಮಾತು ಆ್ಯಪ್‌ನಲ್ಲಿ ಬರಲ್ಲ.

ಇದು ಬರೀ ಭಾವನೆಯ ಮಾತಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಬೆಂಗಳೂರಿನ ರಸ್ತೆಗಳಲ್ಲೇ ಅಳತೆ ಮಾಡಿದ್ರು. ಮರ ಇಲ್ಲದ ಕಡೆಗೆ ಹೋಲಿಸಿದ್ರೆ, ಮರ ಇರೋ ಕಡೆ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೂ ಕಮ್ಮಿ ಇತ್ತು. ರಸ್ತೆಯ ಮೇಲ್ಮೈ? 27.5 ಡಿಗ್ರಿಯವರೆಗೂ ಕಮ್ಮಿ! ಹೂವು ತರೋ ಅಜ್ಜಿ, ಡೆಲಿವರಿ ಹುಡುಗ, ಬೀದಿನಾಯಿ, ಎಲ್ಲರ ಕಾಲಿಗೂ ತಾಗೋ ಲೆಕ್ಕ ಇದು.

ಕಾನೂನು ಏನನ್ನ ಎಣಿಸುತ್ತೆ?

ನಮ್ಮಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, 1976ರದ್ದು. ಒಳ್ಳೆಯ ಕಾಯ್ದೆ. ನಿಮ್ಮ ಕಾಂಪೌಂಡ್ ಒಳಗಿನ ಮರ ಕಡಿಯೋಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗಬಹುದು. ರಸ್ತೆ ಅಗಲೀಕರಣದಂಥ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯೋದಾದ್ರೆ ಜನರಿಗೆ ತಿಳಿಸಿ ಆಕ್ಷೇಪಣೆ ಕೇಳಬೇಕು ಅಂತ ಅದರಲ್ಲಿದೆ. ಕಡಿದಿದ್ದಕ್ಕೆ ಬದಲು ಗಿಡ ನೆಡಿಸೋ ವ್ಯವಸ್ಥೆಯೂ ಇದೆ.

ಆದ್ರೆ ಈ ಲೆಕ್ಕ ಎಲ್ಲ ಬಿಡಿ ಮರಗಳದ್ದು. 50 ಅನ್ನೋದು ಮರದ ಸಂಖ್ಯೆ. ನಮ್ಮ ಬೀದಿಯ ಇಡೀ ಸಾಲೇ 11. ಹನ್ನೊಂದೂ ಹೋದ್ರೂ ಆ 50ರ ಹತ್ತಿರ ಬರಲ್ಲ. ಬದಲಿ ಗಿಡ ಊರಾಚೆ ನೆಟ್ರೆ ಲೆಕ್ಕ ಸರಿಹೋಗುತ್ತೆ, ನಮ್ಮ ಬೀದಿಯ ನೆರಳು ಸರಿಹೋಗಲ್ಲ. ನಮ್ಮ ಬೀದಿಯಲ್ಲಿ ಹೋದ ಒಂದೊಂದು ಮರಕ್ಕೂ ಒಂದೊಂದು ಕಾರಣ ಇತ್ತು. ಸಾಲು ತುಂಡಾಗಿದ್ದಕ್ಕೆ ಮಾತ್ರ ಯಾರ ಹತ್ರಾನೂ ಕಾರಣ ಇಲ್ಲ, ಯಾಕಂದ್ರೆ ಅದನ್ನ ಯಾರೂ ಕೇಳಲೇ ಇಲ್ಲ.

ಬೇರೆ ಥರ ಮಾಡಬಹುದಾ? ಮಾಡಿದ್ದಾರೆ. ಜರ್ಮನಿಯ ಈಶಾನ್ಯದಲ್ಲಿ ಮೆಕ್ಲೆನ್‌ಬರ್ಗ್-ಫೋರ್‌ಪೊಮೆರ್ನ್ ಅನ್ನೋ ರಾಜ್ಯ ಇದೆ. ಅಲ್ಲಿ ಅಲೇಗಳಿಗೆ ರಾಜ್ಯದ ಸಂವಿಧಾನದಲ್ಲೇ ಜಾಗ ಇದೆ. ರಸ್ತೆಯ ಒಂದೇ ಬದಿಯಲ್ಲಿರೋ ಮರದ ಸಾಲಿಗೂ ಅಲ್ಲಿನ ಪ್ರಕೃತಿ ಸಂರಕ್ಷಣಾ ಕಾನೂನಿನ ರಕ್ಷಣೆ ಇದೆ. ಫ್ರಾನ್ಸ್ 2016ರ ಜೀವವೈವಿಧ್ಯ ಕಾನೂನಿನಲ್ಲಿ ದಾರಿ ಬದಿಯ ಮರದ ಸಾಲುಗಳನ್ನ ಹೆಸರಿಸಿಯೇ ಕಾಪಾಡಿತು. ಸಾಲಿನ ಒಂದು ಮರಕ್ಕೆ ಕೈ ಹಚ್ಚಿದ್ರೂ ಅದು ಸಾಲಿನ ಪ್ರಶ್ನೆ. ಅಪಾಯ ಇದ್ರೆ, ಅನಿವಾರ್ಯ ಆದ್ರೆ ಅಲ್ಲೂ ವಿನಾಯ್ತಿ ಉಂಟು. ಆದ್ರೆ ಅದಕ್ಕೆ ಕಾರಣ ಕೊಡಬೇಕು.

ನನಗೆ ಆಶ್ಚರ್ಯ ಆಗೋದು ಇಲ್ಲೇ. ‘ಬರೋ ದಾರಿ’, ‘ಹೋಗೋ ದಾರಿ’ ಅಂತ ಹೆಸರಿಟ್ಟವರು ಸಾಲನ್ನ ಕಾನೂನಿಗೆ ತಂದ್ರು. ಪದದಲ್ಲೇ ಸಾಲನ್ನ ಇಟ್ಟುಕೊಂಡ ನಾವು ಮರವನ್ನ ಬಿಡಿಬಿಡಿಯಾಗಿ ಎಣಿಸ್ತಾ ಕೂತಿದ್ದೀವಿ. ಹೊಸ ಪದ ಹುಡುಕೋ ಕಷ್ಟ ನಮಗಿಲ್ಲ. ಇರೋ ಪದವನ್ನ ಅರ್ಜಿಯಲ್ಲಿ ಬರೆದ್ರೆ ಸಾಕು.

ನಾನು ಮಾಡಿದ್ದು ಇಷ್ಟೇ. ಒಂದು ಭಾನುವಾರ ಅಕ್ಕನ ಮಗಳ ಜೊತೆ ನಮ್ಮ ಬೀದಿಯ ಆ ತುದಿಯಿಂದ ಈ ತುದಿಗೆ ನಡೆದೆ. ಯಾವ ಮರ ಎಲ್ಲಿದೆ, ಯಾವ ಜಾತಿ, ಎಲ್ಲೆಲ್ಲಿ ಖಾಲಿ ಅಂತ ಮೊಬೈಲಲ್ಲೇ ಒಂದು ನಕ್ಷೆ ಮಾಡಿದ್ವಿ. ಖಾಲಿ ಜಾಗಗಳಲ್ಲೇ ಗಿಡ ನೆಡಿ ಅಂತ ಬರೆದು, ಬೀದಿಯ 23 ಮನೆಗಳವರ ಸಹಿ ಹಾಕಿಸಿ, ವೃಕ್ಷ ಅಧಿಕಾರಿಗಳಿಗೆ ಕೊಟ್ಟಿದ್ದೀವಿ. ಅರ್ಜಿಯ ಮೇಲೆ ವಿಷಯ ಅಂತ ಬರೀತಾರಲ್ಲ, ಅಲ್ಲಿ ನಾನು ‘4 ಮರಗಳ ಬಗ್ಗೆ’ ಅಂತ ಬರೆದಿದ್ದೆ. ಅವಳು ಅದನ್ನ ಹೊಡೆದು ಹಾಕಿ ‘ನಮ್ಮ ಬೀದಿಯ ಸಾಲುಮರದ ಬಗ್ಗೆ’ ಅಂತ ತಿದ್ದಿದಳು. ಉತ್ತರ ಇನ್ನೂ ಬಂದಿಲ್ಲ. ಬಂದ್ರೆ ಹೇಳ್ತೀನಿ.

ಈಗ ಮೊದಲು ಕೇಳಿದ ಪ್ರಶ್ನೆ. ತಲೆ ಎತ್ತಿದಾಗ ಎಲೆ ಕಂಡಿತ್ತಾ? ಕಂಡಿದ್ರೆ ಇನ್ನೊಂದು ಕೆಲಸ ಮಾಡಿ, ಪಕ್ಕದ ಮರದವರೆಗೆ ನಡೀರಿ. ನೆರಳು ಬಿಡದೇ ಅಲ್ಲಿಗೆ ಮುಟ್ಟಿದ್ರೆ ನಿಮ್ಮ ಬೀದಿಯಲ್ಲಿ ಸಾಲುಮರ ಇನ್ನೂ ಇದೆ. ಮಧ್ಯೆ ಬಿಸಿಲು ಬಿದ್ರೆ ಎಷ್ಟು ಹೆಜ್ಜೆ ಅಂತ ಎಣಿಸಿ ನಮಗೆ ವಾಯ್ಸ್ ಮೆಸೇಜ್ ಕಳಿಸಿ, ಬೀದಿಯ ಹೆಸರೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೂ ನೆರಳಲ್ಲೇ ನಡೀರಿ.